ವಾರಕ್ಕೊಂದು ತಾಸು

ನನ್ನ ಅಪ್ಪನದು ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಮನೆಯೊಳಗೆ ಕನ್ನಡ, ಚಪ್ಪಲಿ ಮೆಟ್ಟಿದ ಮೇಲೆ ಮರಾಠಿ. ಒಳಗೆ ಅವ್ವ ಆಗಿದ್ದವಳು ಬೀದಿಗೆ ಇಳಿದ ಕೂಡಲೇ ಆಯಿ ಆಗುತ್ತಿದ್ದಳು. ತರಕಾರಿ ಕೊಳ್ಳುವಾಗ ನಾನು ಮರೆತು "ಅವ್ವಾ" ಎಂದು ಕೂಗಿದರೆ ಅಪ್ಪ ತಿರುಗಿ ಒಮ್ಮೆ ನೋಡುತ್ತಿದ್ದ, ಅಷ್ಟೇ. ಬೈಯುತ್ತಿರಲಿಲ್ಲ. ಆ ನೋಟಕ್ಕೆ ಹೆದರಿ ಅವ್ವ ಕೂಡ ತನ್ನ ಮುರುಕು ಮರಾಠಿಯಲ್ಲೇ ಮೆಂತ್ಯದ ಸೂಡಿಗೆ ಚೌಕಾಸಿ ಮಾಡುತ್ತಿದ್ದಳು, ಅಂಗಡಿಯವನಿಗೆ ನಗು ಬರುತ್ತಿತ್ತು.

ಅಪ್ಪ ವಿಜಾಪುರದ ಕಡೆಯಿಂದ ಪುಣೆಗೆ ಬಂದು ಮಾರ್ಕೆಟ್ ಯಾರ್ಡಿನ ಒಂದು ಬೆಲ್ಲದ ಅಂಗಡಿಯಲ್ಲಿ ಗುಮಾಸ್ತನಾಗಿದ್ದವನು. ಬೆಳಿಗ್ಗೆ ಇಸ್ತ್ರಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಆ ದಿನಗಳಲ್ಲಿ ಊರಿನ ರಸ್ತೆ ಅಗೆಯುವವರು, ಕಟ್ಟಡಕ್ಕೆ ಇಟ್ಟಿಗೆ ಹೊರುವವರು ಬಹಳ ಮಂದಿ ನಮ್ಮ ಕಡೆಯವರೇ. ಯಾದಗಿರಿ, ಸುರಪುರ, ಸೇಡಂ ಕಡೆಯಿಂದ ಗಂಟುಮೂಟೆ ಕಟ್ಟಿಕೊಂಡು ಬಂದವರು. ಶಾಲೆಯಲ್ಲಿ ಹುಡುಗಿಯರು ನನ್ನನ್ನು "ಕಾನಡೀ" ಎಂದು ಕರೆದು "ಯಂಡು ಗುಂಡು" ಎಂದು ಅಣಕಿಸಿದಾಗ ನಾನು ಅತ್ತುಕೊಂಡು ಮನೆಗೆ ಬಂದಿದ್ದೆ. ಅಪ್ಪ ಹೇಳಿದ್ದು ಇಷ್ಟೇ: "ಕನ್ನಡ ಕೇಳಿದ್ರ ಈ ಮಂದಿಗೆ ತಲಿ ಮ್ಯಾಲಿನ ಬುಟ್ಟಿ ಕಾಣಸ್ತದ. ನಾವು ಅವ್ರಲ್ಲ ಅಂತ ಕಾಣಬೇಕು." ಆ ಮಾತು ನನಗೆ ಆಗ ಬಹಳ ಬುದ್ಧಿವಂತಿಕೆಯದೆನ್ನಿಸಿತ್ತು. ಅದನ್ನು ಗಂಟು ಹಾಕಿಕೊಂಡೇ ಬೆಳೆದೆ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಅಂಗಡಿಯ ಸಾವಕಾರರು ಹೊಸ ಕಂಪ್ಯೂಟರ್ ತಂದು ಹಳೆಯದನ್ನು ಅಪ್ಪನಿಗೆ ಕೊಟ್ಟರು. ಎರಡು ಕೋಣೆಯ ಮನೆಯಲ್ಲಿ ಅದಕ್ಕೆ ಕಿಟಕಿಯ ಪಕ್ಕದ ಜಾಗ ಸಿಕ್ಕಿತು, ಅವ್ವ ಅದಕ್ಕೆ ಕಸೂತಿ ಹಾಕಿದ ಬಟ್ಟೆ ಹೊದಿಸಿ ಶುಕ್ರವಾರ ಕುಂಕುಮ ಹಚ್ಚತೊಡಗಿದಳು. ನಾನು ಕಾಲೇಜಿನಿಂದ ಬಂದವಳೇ ಅದರ ಮುಂದೆ ಕೂತರೆ ಊಟಕ್ಕೆ ಏಳುತ್ತಿದ್ದೆ. ಮನೆಯ ಕೆಲಸ ಯಾರೂ ಹೇಳುತ್ತಿರಲಿಲ್ಲ. ಚಹಾ ಕೈಗೆ ಬರುತ್ತಿತ್ತು. ಯಾರಾದರೂ ಗಟ್ಟಿಯಾಗಿ ಮಾತಾಡಿದರೆ "ಆಕಿ ಓದಾಕತ್ತಾಳ" ಎಂದು ಅವ್ವ ಗದರುತ್ತಿದ್ದಳು. ಹೀಗೆ ಕಲಿತ ವಿದ್ಯೆಯನ್ನು ನಾನು ಮುಂದೆ ಎಷ್ಟೋ ವರ್ಷ "ಸ್ವಂತ ಕಷ್ಟದಿಂದ ಮೇಲೆ ಬಂದೆ" ಎಂದು ಹೇಳಿಕೊಂಡು ತಿರುಗಿದ್ದೇನೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ಸ್ವಾರಗೇಟದ ಬಸ್ ನಿಲ್ದಾಣದಿಂದ ಐದು ನಿಮಿಷದ ದಾರಿಯಲ್ಲಿ, ಎರಡನೇ ಮಹಡಿಯ ಮೇಲೆ ಕಂಪ್ಯೂಟರಿನಲ್ಲಿ ಲೆಕ್ಕಪತ್ರ ಕಲಿಸುವ ಒಂದು ಚಿಕ್ಕ ಸಂಸ್ಥೆಯಿತ್ತು. ಅಲ್ಲಿ ನನಗೆ ಕೆಲಸ ಸಿಕ್ಕಿತು. ಸಂದರ್ಶನದಲ್ಲಿ ಸಂಸ್ಥೆಯ ಮುಖ್ಯಸ್ಥರು, ನಾವೆಲ್ಲ ಸರ್ ಎನ್ನುತ್ತಿದ್ದ ಒಳ್ಳೆಯ ಸ್ವಭಾವದ ಮನುಷ್ಯರು, ನಿಮ್ಮದು ಯಾವ ಊರು ಎಂದು ಮರಾಠಿಯಲ್ಲಿ ಕೇಳಿದರು. "ಸೋಲಾಪುರ" ಎಂದೆ. ನಮ್ಮವರು ಪುಣೆಯಲ್ಲಿ ಹೇಳುವ ಹಳೆಯ ಸುಳ್ಳು ಇದು. ಮಹಾರಾಷ್ಟ್ರದ್ದೇ ಊರು, ಮೇಲಾಗಿ ನಾಲಿಗೆಯಲ್ಲಿ ಸ್ವಲ್ಪ ಕನ್ನಡದ ವಾಸನೆ ಉಳಿದಿದ್ದರೂ ನಡೆದುಹೋಗುತ್ತದೆ. ಸೋಲಾಪುರದವರಿಗೆ ಕನ್ನಡ ಬರುವುದು ಸಹಜ. ನಾನು ಮಾತ್ರ ಆ ಬಾಗಿಲನ್ನೂ ಮುಚ್ಚಿದೆ, ಕನ್ನಡ ಬರುವುದಿಲ್ಲ ಎಂದುಬಿಟ್ಟೆ. ಯಾರೂ ಕೇಳಿರಲಿಲ್ಲ. ನಾನಾಗಿಯೇ ಹೇಳಿದೆ.

ಕೆಲವು ವರ್ಷಗಳಾದ ಮೇಲೆ ಸಂಸ್ಥೆ ಇಂಟರ್ನೆಟ್ ಮೂಲಕ ಪಾಠ ಹೇಳಲು ಶುರುಮಾಡಿತು. ಆಗ ಅದು ಹೊಸದು. ಪಾಠಗಳು ವೆಬ್‌ಸೈಟಿನಲ್ಲಿ ಇರುತ್ತಿದ್ದವು, ಪ್ರತಿ ಪಾಠದ ಕೊನೆಗೆ ಪ್ರಶ್ನೆಗಳು, ಆರು ತಿಂಗಳಿಗೊಂದು ದೊಡ್ಡ ಪರೀಕ್ಷೆ. ಎಲ್ಲವನ್ನೂ ವಿದ್ಯಾರ್ಥಿಗಳು ಮನೆಯಿಂದಲೋ ಸೈಬರ್ ಕೆಫೆಯಿಂದಲೋ ಮಾಡಬಹುದಿತ್ತು. ಒಂದು ಟ್ರಸ್ಟಿನವರು ಬಡ ಮನೆಯ ಮಕ್ಕಳಿಗೆ ಮೊದಲ ಆರು ತಿಂಗಳ ಶುಲ್ಕ ಕಟ್ಟುತ್ತಿದ್ದರು. ಅದರಲ್ಲಿ ಚೆನ್ನಾಗಿ ಮಾಡಿದ ಮೂವರಿಗೆ ಒಂದು ವರ್ಷದ ಡಿಪ್ಲೊಮಾ ಪೂರ್ತಿ ಉಚಿತ. ಡಿಪ್ಲೊಮಾ ಮುಗಿದವರಿಗೆ ಕಚೇರಿಗಳಲ್ಲಿ ಕೆಲಸ ಸಿಗುವುದು ಹೆಚ್ಚುಕಡಿಮೆ ಖಚಿತವಿತ್ತು. ಆ ಮೂವರ ಪಟ್ಟಿ ಮಾಡುವ ಜವಾಬ್ದಾರಿ ನನ್ನದು.

ಯಾರು ಎಷ್ಟು ಹೊತ್ತು ಪಾಠದ ಮುಂದೆ ಕೂತರು ಎಂಬುದನ್ನು ವೆಬ್‌ಸೈಟು ತಾನೇ ಬರೆದಿಡುತ್ತಿತ್ತು. ವಾರಕ್ಕೆ ಕನಿಷ್ಠ ನಾಲ್ಕು ತಾಸು ಕೂರಲೇಬೇಕು, ಇಲ್ಲದಿದ್ದರೆ ಉಚಿತ ಸೀಟಿಗೆ ಅರ್ಹರಲ್ಲ ಎಂಬ ನಿಯಮ ಇತ್ತು. ಈ ನಿಯಮ ಮಾಡಿದವಳು ನಾನೇ. ಸರ್‌ಗೆ ಅದು ತೋಚಿರಲಿಲ್ಲ. ಓದುವುದೆಂದರೆ ತೆರೆಯ ಮುಂದೆ ಕೂರುವುದು ಎಂದು ನಾನು ತಿಳಿದಿದ್ದೆ, ಯಾಕೆಂದರೆ ನಾನು ಹಾಗೆ ಓದಿದ್ದೆ. ಕೂರಲು ಕುರ್ಚಿ ಯಾರ ಮನೆಯಲ್ಲಿದೆ ಎಂದು ನಾನು ಕೇಳಿಕೊಳ್ಳಲಿಲ್ಲ.

ಆ ಹುಡುಗಿ ಎರಡನೇ ತಂಡದಲ್ಲಿ ಬಂದಳು. ಹದಿನೆಂಟು ವರ್ಷ, ತೆಳ್ಳಗೆ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ. ಪುಣೆಯ ಮುನ್ಸಿಪಾಲ್ಟಿ ಶಾಲೆಯಲ್ಲಿ ಓದಿದ್ದರಿಂದ ಅವಳ ಮರಾಠಿ ನನ್ನದಕ್ಕಿಂತ ಶುದ್ಧವಾಗಿತ್ತು. ಅರ್ಜಿಯಲ್ಲಿ ತಂದೆಯ ಕೆಲಸ ಸೆಂಟ್ರಿಂಗ್, ಮೂಲ ಊರು ಯಾದಗಿರಿ ಕಡೆಯ ಒಂದು ಹಳ್ಳಿ. ವಿಳಾಸದ ಜಾಗದಲ್ಲಿ ವಿಮಾನ ನಗರದ ಒಂದು ಅಪಾರ್ಟ್‌ಮೆಂಟಿನ ಹೆಸರು, ಅದರ ಕೆಳಗೆ "ಹಿಂದಿನ ಶೆಡ್" ಎಂದಿತ್ತು. ಆ ಅಪಾರ್ಟ್‌ಮೆಂಟು ಇನ್ನೂ ಮೂರನೇ ಮಹಡಿಯವರೆಗಷ್ಟೇ ಎದ್ದಿತ್ತೆಂದು ನನಗೆ ಆಮೇಲೆ ತಿಳಿಯಿತು. ಊರಿನ ಹೆಸರು ಓದಿದಾಗ ಬಾಯಿಯವರೆಗೆ ಬಂದ ಮಾತನ್ನು ನುಂಗಿ, ಸಹಿ ಎಲ್ಲಿ ಹಾಕಬೇಕೆಂದು ಮರಾಠಿಯಲ್ಲಿ ತೋರಿಸಿದೆ.

ಮೊದಲ ಎರಡು ಮೂರು ವಾರ ಅವಳು ನಮ್ಮ ಲ್ಯಾಬಿಗೇ ಬಂದು ಕಲಿತಳು. ಆಮೇಲೆ ಬರಲಿಲ್ಲ. ಬೆರಳೆಣಿಕೆಯ ಮಂದಿ ಮಾತ್ರ ಬರುತ್ತಿದ್ದುದರಿಂದ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಆರು ತಿಂಗಳಾಗಿ ದೊಡ್ಡ ಪರೀಕ್ಷೆಯ ಫಲಿತಾಂಶ ಬಂದಾಗ ಅವಳು ಇಡೀ ತಂಡಕ್ಕೆ ಎರಡನೆಯವಳು. ಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡವರೆಲ್ಲ ಅವಳ ಹಿಂದೆ. ಆದರೆ ಪಕ್ಕದ ಕಾಲಮ್ಮಿನಲ್ಲಿ ಬೇರೆಯವರದು ವಾರಕ್ಕೆ ಐದು ತಾಸು, ಆರು ತಾಸು ಇದ್ದರೆ ಇವಳದು ಒಂದು. ಲ್ಯಾಬಿಗೆ ಬರುವುದು ನಿಂತ ಮೇಲೆ ಪ್ರತಿ ವಾರವೂ ಒಂದೇ ಒಂದು. ಪರೀಕ್ಷೆಯನ್ನಂತೂ ಕೊಟ್ಟ ಸಮಯದ ಅರ್ಧದಲ್ಲೇ ಮುಗಿಸಿದ್ದಳು.

ನನಗೆ ಸಿಟ್ಟು ಬಂತು. ಅನುಮಾನ ಅಂದುಕೊಂಡೆ, ನಿಜವಾಗಿ ಅದು ಸಿಟ್ಟು. ನಾನು ವರ್ಷಗಟ್ಟಲೆ ಕಿಟಕಿಯ ಪಕ್ಕ ಕೂತು ಕಲಿತದ್ದನ್ನು ಇವಳು ವಾರಕ್ಕೊಂದು ತಾಸಿನಲ್ಲಿ ಕಲಿತಿದ್ದಾಳೆಂದು ಒಪ್ಪಿಕೊಂಡರೆ ನನ್ನ ಕಷ್ಟದ ಕಥೆ ಏನಾಗಬೇಕು? ಅವಳ ಹೆಸರಿನ ಮುಂದೆ "ಪರೀಕ್ಷೆ ಬೇರೆಯವರು ಬರೆದಿರಬಹುದು" ಎಂದು ಷರಾ ಹಾಕಿ ಸರ್ ಮುಂದಿಟ್ಟೆ. ಅವರು ಕನ್ನಡಕ ತೆಗೆದು, ಮನೆಯವರನ್ನು ಕರೆದು ಒಮ್ಮೆ ಕೇಳೋಣ, ಹುಡುಗಿಯ ಭವಿಷ್ಯದ ಪ್ರಶ್ನೆ ಎಂದರು.

ಅಪ್ಪ ಮಗಳು ಇಬ್ಬರೂ ಒಂದು ಶನಿವಾರ ಮಧ್ಯಾಹ್ನ ಬಂದರು. ಅವನು ಒಂದು ದಿನದ ಕೂಲಿ ಬಿಟ್ಟು ಬಂದಿದ್ದ. ಒಗೆದ ಬಿಳಿ ಅಂಗಿ, ಕಾಲಿನ ಉಗುರುಗಳಲ್ಲಿ ತೊಳೆದರೂ ಹೋಗದ ಸಿಮೆಂಟು. ಕಂಕುಳಲ್ಲಿ ಒಂದು ಚೀಲ. ಕೂರಿ ಎಂದರೂ ಕೂರಲಿಲ್ಲ. ಅವನಿಗೆ ಹಿಂದಿ ಬರುತ್ತಿತ್ತು, ಆದರೆ ಅದು ಹಲಗೆ ಏರಿಸು, ಮಾಲು ತಾ ಎನ್ನುವಷ್ಟು. ಮಗಳ ಮರ್ಯಾದೆಯ ಮಾತಿಗೆ ಸಾಲುತ್ತಿರಲಿಲ್ಲ. ಅವನು ನೇರವಾಗಿ ನನ್ನ ಮುಖ ನೋಡಿ ಕನ್ನಡದಲ್ಲಿ ಶುರುಮಾಡಿದ.

"ಅಕ್ಕೋರ, ನಮ್ ಹುಡುಗಿ ಕಳ್ಳಿ ಅಲ್ರಿ."

ಸರ್ ನನ್ನ ಕಡೆ ತಿರುಗಿ, ಏನು ಹೇಳುತ್ತಿದ್ದಾನೆ, ನಿಮಗೇನಾದರೂ ತಿಳಿಯುತ್ತದೆಯೇ ಎಂದು ಕೇಳಿದರು. "ನಾಹೀ ಸರ್" ಎಂದೆ. ಹುಡುಗಿಯ ಕಡೆ ನೋಡಿ, ನಿನ್ನ ಅಪ್ಪ ಹೇಳಿದ್ದನ್ನು ಮರಾಠಿಯಲ್ಲಿ ಹೇಳು ಎಂದೆ. ಅವಳು ಒಂದು ಕ್ಷಣ ನನ್ನನ್ನೇ ನೋಡಿದಳು. ಆಮೇಲೆ ತಲೆಯಾಡಿಸಿದಳು.

ಅವಳ ಅಪ್ಪ ಹೇಳುತ್ತಾ ಹೋದ. "ನಾವಿರೋ ಶೆಡ್‌ನ್ಯಾಗ ಕರೆಂಟ್ ಇಲ್ರಿ. ಮೊದ್ಲಿನ ಎರಡ್ ಮೂರ್ ವಾರ ಬಿಟ್ರ ಹಗಲೆಲ್ಲ ನಮ್ ಕೂಡ ಇಟ್ಟಂಗಿ ಹೊರ್ತಾಳ. ವಾರದಾಗ ರವಿವಾರ ಒಂದ್ ದಿನ ಸುಟ್ಟಿ, ಅವತ್ತು ಇಲ್ಲಿ ಬಂದ್ ಇರ್ತದ, ಒಂದ್ ತಾಸು ಕಂಪ್ಯೂಟರ್ ಅಂಗಡಿಗೆ ಹೋಗ್ತಾಳ್ರಿ. ಅದ್ರ ಮ್ಯಾಲ ಕಳಿಸ್ಲಿಕ್ಕ ನಮಗ ಆಗಂಗಿಲ್ಲ. ಈಕಿ ಓದಿ ಹೇಳ್ತಾಳ, ಸಣ್ಣ ಮಗಳು ಬಾಜೂಕ ಕುಂತು ಬರಕೋತಾಳ. ಇಬ್ರೂ ಕೂಡಿ ಅಷ್ಟೂ ಪಾಠ ವಹಿಯೊಳಗ ತುಂಬ್ಕೊಂಡು ಬರ್ತಾರ್ರಿ. ವಾರಪೂರ್ತಿ ಅದನ್ನೇ ಓದೋದು. ರಟ್ಟಿನ ಮ್ಯಾಲ ಆ ಮಷಿನಿನ ಗುಂಡಿ ಬರ್ಕೊಂಡಾಳ, ಅದ್ರ ಮ್ಯಾಲೇ ಬೆರಳ ಆಡಿಸ್ತಾಳ. ಪರೀಕ್ಷಾಕ್ಕೂ ಒಂದ ತಾಸ ಸಿಕ್ಕಿದ್ದು, ಅದಕ್ಕ ಗಡಬಡಿಸಿ ಬರದಾಳ. ಬೇಕಾದ್ರ ನೋಡ್ರಿ, ಎಲ್ಲಾ ತಂದೀನಿ. ನನ್ನ ಬೈರಿ ಅಕ್ಕೋರ, ಆಕಿ ಓದು ಬಂದ್ ಮಾಡಬ್ಯಾಡ್ರಿ."

ಅವನು ಚೀಲ ಬಿಚ್ಚಿ ಮೇಜಿನ ಮೇಲೆ ಎಂಟೋ ಹತ್ತೋ ನೋಟುಬುಕ್ಕುಗಳನ್ನಿಟ್ಟ. ಮೇಲೊಂದು ರಟ್ಟು, ಟೈಲ್ಸ್ ಬರುವ ಡಬ್ಬದಿಂದ ಕತ್ತರಿಸಿದ್ದು. ಬಡಗಿಯ ದಪ್ಪ ಪೆನ್ಸಿಲಿನಲ್ಲಿ ಚೌಕಗಳನ್ನು ಎಳೆದು ಕೀಬೋರ್ಡ್ ಬರೆದಿದ್ದಳು. ಬೆರಳು ಆಡಿ ಆಡಿ ಮಧ್ಯದ ಸಾಲಿನ ಅಕ್ಷರಗಳು ಅಳಿಸಿಹೋಗಿದ್ದವು.

ಅಷ್ಟು ಉದ್ದದ ಮಾತಿಗೆ ಮಗಳು ಮರಾಠಿಯಲ್ಲಿ ಹೇಳಿದ್ದು ಒಂದೇ ವಾಕ್ಯ. ನಾನು ಕಾಪಿ ಮಾಡಿಲ್ಲ ಎಂದು ಅಪ್ಪ ಹೇಳುತ್ತಿದ್ದಾರೆ.

ಅಷ್ಟೇ. ಕರೆಂಟಿನ ಮಾತಿಲ್ಲ, ಇಟ್ಟಿಗೆಯ ಮಾತಿಲ್ಲ. ಅವಳಿಗೆ ನಾಚಿಕೆಯಾಗಿರಬೇಕು ಎಂದುಕೊಂಡೆ. ಆ ನಾಚಿಕೆ ನನಗೆ ಗೊತ್ತಿತ್ತು, ಅದರಲ್ಲೇ ಬೆಳೆದವಳು ನಾನು. ಸರ್ ಮೆತ್ತಗೆ, ಪರೀಕ್ಷೆ ಬರೆಯುವಾಗ ಜೊತೆಯಲ್ಲಿ ಯಾರಾದರೂ ಇದ್ದರೇ ಎಂದು ಕೇಳಿದರು. ಹುಡುಗಿ ಸುಳ್ಳು ಹೇಳಲಿಲ್ಲ. "ಧಾಕಟೀ ಬಹೀಣ" ಎಂದಳು, ತಂಗಿ ಇದ್ದಳು. ಸರ್ ನನ್ನ ಮುಖ ನೋಡಿದರು. ಆ ತಂಗಿ ಯಾರು, ಅವಳು ಅಲ್ಲಿ ಯಾಕೆ ಕೂರುತ್ತಿದ್ದಳು ಎಂಬುದೆಲ್ಲ ಆಗಷ್ಟೇ ನನ್ನ ಕಿವಿಗೆ ಬಿದ್ದಿತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಎರಡು ನಿಮಿಷದ ಹಿಂದೆ ತಿಳಿಯುವುದಿಲ್ಲ ಎಂದವಳು ಈಗ ಹೇಗೆ ಹೇಳಲಿ? ಸುಮ್ಮನೆ ಪೆನ್ನಿನ ಮುಚ್ಚಳ ಹಾಕುತ್ತ ತೆಗೆಯುತ್ತ ಕೂತೆ. ನೋಟುಬುಕ್ಕುಗಳನ್ನು ಪರಿಶೀಲನೆಗೆ ಬಿಟ್ಟುಹೋಗಿ ಎಂದು ಸರ್ ಹೇಳಿ ಕಳಿಸಿದರು. ಹೋಗುವಾಗ ಆ ತಂದೆ ನನಗೆ ಕೈಮುಗಿದ. ನಾನು ಕಾಗದ ನೋಡುತ್ತಿದ್ದೆ.

ಸೋಮವಾರ ಪಟ್ಟಿ ಟ್ರಸ್ಟಿಗೆ ಹೋಗಬೇಕಿತ್ತು. ಬೆಳಿಗ್ಗೆ ಬೇಗ ಹೋಗಿ ಆ ನೋಟುಬುಕ್ಕುಗಳನ್ನು ತೆರೆದೆ. ತಂಗಿಯ ದುಂಡನೆಯ, ಓಡುವ ಅಕ್ಷರ. ಬರೆಯುವಷ್ಟರಲ್ಲಿ ತಾಸು ಮುಗಿದ ಕಡೆ ವಾಕ್ಯ ಅರ್ಧಕ್ಕೆ ನಿಂತಿತ್ತು. ಮುಂದಿನ ರವಿವಾರ ಅಲ್ಲಿಂದಲೇ ಮುಂದುವರಿದಿತ್ತು. ಅಂಚಿನಲ್ಲಿ ಅಕ್ಕ ಪ್ರತಿ ಪಾಠದ ಪ್ರಶ್ನೆಗಳಿಗೆ ಮೂರು ಮೂರು ಸಲ ಉತ್ತರ ಬರೆದಿದ್ದಳು. ತೆರೆಯ ಮೇಲೆ ಏನೇನು ಎಲ್ಲೆಲ್ಲಿ ಕಾಣಿಸುತ್ತದೆ ಎಂಬುದನ್ನು ಅಳತೆಪಟ್ಟಿಯಿಂದ ಗೆರೆ ಎಳೆದು ಚಿತ್ರ ಬರೆದಿದ್ದಳು. ನಮ್ಮ ತಂಡದಲ್ಲಿ ಆ ಪಾಠಗಳನ್ನು ಇಷ್ಟು ಓದಿದವರು ಇನ್ನೊಬ್ಬರಿರಲಿಲ್ಲ. ನಾನೂ ಓದಿರಲಿಲ್ಲ, ಕಲಿಸುವವಳು.

ಸರ್ ಬಂದರು. ಆ ಹುಡುಗಿಯದೇನು ಮಾಡೋಣ, ಬೇಕಾದರೆ ಇಲ್ಲಿಗೆ ಕರೆಸಿ ನಮ್ಮೆದುರಿಗೇ ಇನ್ನೊಮ್ಮೆ ಪರೀಕ್ಷೆ ತೆಗೆದುಕೊಳ್ಳೋಣವೇ ಎಂದು ಅವರೇ ಕೇಳಿದರು. ದೇವರು ಬಾಗಿಲು ತೆರೆದು ಹಿಡಿದಂತಿತ್ತು. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಮತ್ತೆ ಅವಳ ಅಪ್ಪ ಬರುತ್ತಾನೆ, ಮತ್ತೆ ಕನ್ನಡದಲ್ಲಿ ಮಾತಾಡುತ್ತಾನೆ, ಎಲ್ಲಿಯಾದರೂ ನನ್ನ ಬಾಯಿಂದ ಒಂದು ಶಬ್ದ ಜಾರಿದರೆ, ಇಷ್ಟು ವರ್ಷ ಸುಳ್ಳು ಹೇಳಿದ್ದೆಯಾ ಎಂದು ಸರ್ ಕೇಳಿದರೆ? ಇದೇ ಹೆದರಿಕೆ ತಲೆ ತುಂಬಿತ್ತು. ಇನ್ನೂ ಸಣ್ಣ ಕಾರಣವೂ ಇತ್ತು. ನಾನು ಮಾಡಿದ ನಿಯಮ ತಪ್ಪೆಂದು ನಾನೇ ಹೇಳಬೇಕಾಗುತ್ತಿತ್ತು.

"ಹೇಗೂ ತಾಸು ತುಂಬಿಲ್ಲ ಸರ್. ನಿಯಮ ಎಲ್ಲರಿಗೂ ಒಂದೇ ಅಲ್ಲವೇ" ಎಂದೆ, ಸ್ವಚ್ಛವಾದ ಮರಾಠಿಯಲ್ಲಿ.

ಅವರು ಪಟ್ಟಿಗೆ ಸಹಿ ಹಾಕಿದರು. ಅವಳ ಜಾಗಕ್ಕೆ ನಾಲ್ಕನೆಯವನ ಹೆಸರು ಬಂತು. ಒಳ್ಳೆಯ ಹುಡುಗ, ಅವನದೇನೂ ತಪ್ಪಿಲ್ಲ. ಬಡವನೆಂದೇ ಅರ್ಜಿ ಹಾಕಿದ್ದ, ಆದರೆ ಚಿಕ್ಕಪ್ಪನ ಮನೆಯಲ್ಲಿ ಕಂಪ್ಯೂಟರ್ ಇತ್ತು, ಎಷ್ಟು ಹೊತ್ತು ಬೇಕಾದರೂ ಕೂರಬಹುದಿತ್ತು.

ಈಗ ಯಾವ ಶಾಲೆಯ ಮಾತೆತ್ತಿದರೂ ತೆರೆಯ ಮೇಲಿನ ಪಾಠದ ವಿಷಯ ಬರುತ್ತದೆ. ಮನೆಯ ಸ್ಥಿತಿಗೂ ಮಕ್ಕಳ ಅಂಕಕ್ಕೂ ಏನು ಸಂಬಂಧ ಎಂದು ತಿಳಿದವರು ಚರ್ಚೆ ಮಾಡುವುದನ್ನು ಕೇಳಿದ್ದೇನೆ. ಬಡ ಮಕ್ಕಳು ಹಿಂದೆ ಬೀಳುತ್ತಾರೆ ಎನ್ನುತ್ತಾರೆ. ನಾನು ಕಂಡದ್ದು ಬೇರೆ. ಅವಳು ಹಿಂದೆ ಬಿದ್ದಿರಲಿಲ್ಲ, ಮುಂದೆಯೇ ಇದ್ದಳು. ಹಿಂದಕ್ಕೆ ತಳ್ಳಿದ್ದು ನಾನು. ಇದನ್ನು ಯಾವ ಚರ್ಚೆಯಲ್ಲೂ ಎದ್ದು ನಿಂತು ಹೇಳಿಲ್ಲ. ಮನೆಯಲ್ಲಿ ಅವ್ವನಿಗೂ ಹೇಳಿಲ್ಲ, ಹೇಳಿದ್ದರೆ ಅವಳು ಅಂದು ರಾತ್ರಿ ಊಟ ಬಿಡುತ್ತಿದ್ದಳು.

ಪಟ್ಟಿಯನ್ನು ಬೋರ್ಡಿಗೆ ಹಚ್ಚಿದ ಮರುದಿನ ಅವಳು ಒಬ್ಬಳೇ ಬಂದಳು, ನೋಟುಬುಕ್ಕುಗಳನ್ನು ಒಯ್ಯಲು. ಸರ್ ತಮ್ಮ ಕೋಣೆಯಲ್ಲಿದ್ದರು, ಬಾಗಿಲು ತೆರೆದಿತ್ತು. ಲ್ಯಾಬಿನಲ್ಲಿ ಇಬ್ಬರು ಹುಡುಗರು ಕೂತಿದ್ದರು. ನಾನು ಕಪಾಟಿನಿಂದ ಚೀಲ ತೆಗೆದು ಮೇಜಿನ ಮೇಲಿಟ್ಟೆ. ಅವಳು ಅದನ್ನು ಮುಟ್ಟದೆ, ಸ್ವಲ್ಪ ಮುಂದೆ ಬಾಗಿ, ತೀರಾ ಮೆಲ್ಲಗೆ ಕನ್ನಡದಲ್ಲಿ ಮಾತಾಡಿದಳು. ನನ್ನ ಜೊತೆ ಅವಳು ಕನ್ನಡ ಮಾತಾಡಿದ್ದು ಅದೇ ಮೊದಲು.

"ಅಕ್ಕೋರ, ಅಪ್ಪ ಹೇಳಿದ್ದು ನಿಮಗ ತಿಳಿದಿತ್ತಲ್ರಿ?"

ನಾನು ಚೀಲವನ್ನು ಅವಳ ಕಡೆ ಸರಿಸಿದೆ.

"ನೀವು ನಮ್ಮ ಮಾತಿನವ್ರು ಅಂತ ನನಗ ಮೊದ್ಲೇ ಗೊತ್ತಿತ್ರಿ. ಲ್ಯಾಬಿಗೆ ಬರ್ತಿದ್ದಾಗ ಕೇಳಿನಿ, ಮೆಟ್ಟಲ ಮ್ಯಾಲ ನಿಂತು ಫೋನಿನ್ಯಾಗ ನಿಮ್ಮ ಅವ್ವನ ಕೂಡ ಮಾತಾಡ್ಲಿಕತ್ತಿದ್ರಿ. ಸರ್ ಮುಂದ ನೀವು ಕನ್ನಡ ಆಡಂಗಿಲ್ಲ ಅಂಬೋದೂ ಗೊತ್ತಾತು. ಅದಕ್ಕ ನಾ ಮರಾಠಿಯೊಳಗ ಪೂರ್ತಿ ಹೇಳ್ಲಿಲ್ರಿ. ಅಪ್ಪನ ಮಾತು ನಿಮಗ ಮುಟ್ಟ್ಯಾದ, ಆಮ್ಯಾಲ ನೀವ ಸರ್‌ಗೆ ತಿಳಿಸಿ ಹೇಳ್ತೀರಿ ಅನ್ಕೊಂಡಿದ್ದೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಪಾಠದಲ್ಲಿ ಎಲ್ಲಿ ತಪ್ಪಿದೆನೆಂದು ಕೇಳುವವಳ ಹಾಗೆ ಕೇಳುತ್ತಿದ್ದಳು. ಅವಳು ಅಂದು ನಾಚಿಕೊಂಡಿರಲಿಲ್ಲ. ನನ್ನ ಸುಳ್ಳು ಬಯಲಾಗಬಾರದೆಂದು ತನ್ನ ಮಾತನ್ನು ತಾನೇ ತಡೆದುಕೊಂಡಿದ್ದಳು, ನನ್ನನ್ನು ನಂಬಿ.

ಒಳಗೆ ಸರ್ ಕುರ್ಚಿ ಸರಿಸಿದ ಸದ್ದಾಯಿತು. ನಾನು ಬಾಯಿ ತೆರೆದೆ. ತಪ್ಪಾಯಿತು ಎನ್ನಬೇಕೆಂದಿದ್ದೆ, ಅದು ನನ್ನ ಅವ್ವನ ಮಾತಿನಲ್ಲಿ ಎಷ್ಟು ಸುಲಭದ ಮಾತು. ಬಾಯಿಂದ ಬಂದದ್ದು "ಪುಢಚ್ಯಾ ವರ್ಷೀ ಪರತ ಅರ್ಜ ಕರ." ಮುಂದಿನ ವರ್ಷ ಮತ್ತೆ ಅರ್ಜಿ ಹಾಕು.

ಅವಳು ಚೀಲವನ್ನು ಕಂಕುಳಿಗೆ ಸೇರಿಸಿಕೊಂಡಳು. ಒಮ್ಮೆ ತೆರೆದ ಬಾಗಿಲ ಕಡೆ ನೋಡಿ, "ಹೋ, ಮ್ಯಾಡಮ್" ಎಂದು ಮರಾಠಿಯಲ್ಲೇ ಹೂಂಗುಟ್ಟಿದಳು, ಸರ್‌ಗೆ ಕೇಳಿಸುವಷ್ಟು ಗಟ್ಟಿಯಾಗಿ.